ಶಿಲಾರೋಹಣ: ಆರಂಭಿಕ ಕಲಿಕೆ ಮತ್ತು ಸುರಕ್ಷತೆ

ಶಿಲಾರೋಹಣ ಎಂಬುದು ನೈಸರ್ಗಿಕ ಬಂಡೆಯ ಮುಖವನ್ನು, ಇಲ್ಲವೆ ಅದನ್ನು ಹೋಲುವಂತೆ ಕಟ್ಟಿದ ಕೃತಕ ಗೋಡೆಯನ್ನು, ಕೈಕಾಲುಗಳ ಹಿಡಿತ, ದೇಹದ ಸಮತೋಲನ ಮತ್ತು ಮೇಲ್ಮೈಯ ಘರ್ಷಣೆಗಳನ್ನು ಆಧರಿಸಿ ಏರುವ ಸಾಹಸ ಕ್ರೀಡೆ. ಆಡುಮಾತಿನಲ್ಲಿ ಇದಕ್ಕೆ ರಾಕ್ ಕ್ಲೈಂಬಿಂಗ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಮೆಟ್ಟಿಲು ಅಥವಾ ಕಾಲುದಾರಿ ಹಿಡಿದು ಬೆಟ್ಟ ಹತ್ತುವ ಚಾರಣಕ್ಕಿಂತಲೂ, ಹಿಮ ಮತ್ತು ನೀರ್ಗಲ್ಲುಗಳನ್ನು ದಾಟಿ ಶಿಖರ ಮುಟ್ಟುವ ಪರ್ವತಾರೋಹಣಕ್ಕಿಂತಲೂ ಇದು ಭಿನ್ನವಾದುದು. ಇದರಲ್ಲಿ ಬಳಸುವ ಹಗ್ಗ ಮತ್ತು ಕೊಂಡಿಗಳು ಸಾಮಾನ್ಯವಾಗಿ ಮೇಲೇರಲು ನೆರವಾಗುವ ಸಾಧನಗಳಲ್ಲ. ಆರೋಹಿ ಜಾರಿದಾಗ ನೆಲಕ್ಕಪ್ಪಳಿಸದಂತೆ ತಡೆಯುವುದಷ್ಟೇ ಅವುಗಳ ಕೆಲಸ. ಆರೋಹಿಯ ಮೈಯಿಂದ ಬಂಡೆಯವರೆಗೆ ಹಾರ್ನೆಸ್, ಗಂಟು, ಹಗ್ಗ, ಕೊಂಡಿ, ಆಧಾರ ಮತ್ತು ಹಗ್ಗ ಹಿಡಿದ ಜೊತೆಗಾರ ಎಂಬ ಒಂದು ಸರಪಳಿ ಏರ್ಪಟ್ಟಿರುತ್ತದೆ; ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವು ವ್ಯರ್ಥವಾಗುವುದರಿಂದ, ಪ್ರತಿಯೊಂದನ್ನೂ ಇಬ್ಬರು ಪರೀಕ್ಷಿಸುವ ರೂಢಿಯೇ ಆರಂಭಿಕ ಕಲಿಕೆಯ ತಿರುಳು.

ಉಗಮ

ಜೀವನೋಪಾಯಕ್ಕಾಗಿ ಕಡಿದಾದ ಎತ್ತರಗಳನ್ನು ಏರುವ ಕೌಶಲ ಕ್ರೀಡೆಗಿಂತ ಬಹಳ ಹಳೆಯದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ, ಹುಣಸೂರು ಮತ್ತು ಪಿರಿಯಾಪಟ್ಟಣ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಜೇನುಕುರುಬರು ಎತ್ತರದ ಮರಗಳನ್ನೇರಿ ಹೆಜ್ಜೇನು ಇಳಿಸುವುದರಲ್ಲಿ ನಿಪುಣರಾಗಿದ್ದು, ಅವರ ಕುಲನಾಮವೇ ಈ ಕಸುಬನ್ನು ಸೂಚಿಸುತ್ತದೆ. ಬಂಡೆ ಏರುವುದನ್ನೇ ಗುರಿಯಾಗಿಸಿಕೊಂಡ ಕ್ರೀಡೆ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್, ಜರ್ಮನಿಯ ಎಲ್ಬೆ ನದೀತೀರದ ಮರಳುಗಲ್ಲಿನ ಸೀಮೆ ಮತ್ತು ಇಟಲಿಯ ಡೊಲೊಮೈಟ್ ಪರ್ವತಗಳಲ್ಲಿ. 1886ರಲ್ಲಿ ವಾಲ್ಟರ್ ಪ್ಯಾರಿ ಹ್ಯಾಸ್ಕೆಟ್ ಸ್ಮಿತ್ ಲೇಕ್ ಡಿಸ್ಟ್ರಿಕ್ಟಿನ ನೇಪ್ಸ್ ನೀಡಲ್ ಎಂಬ ಕೋಡುಗಲ್ಲನ್ನು ಒಬ್ಬನೇ ಏರಿದ್ದನ್ನು ಈ ಕ್ರೀಡೆಯ ಆರಂಭದ ಗುರುತಾಗಿ ಪರಿಗಣಿಸುವುದುಂಟು.

ಆ ಕಾಲದ ನಾರಿನ ಹಗ್ಗಗಳು ಬೀಳುವ ದೇಹದ ಸೆಳೆತವನ್ನು ತಾಳದೆ ತುಂಡಾಗುವ ಸಂಭವವಿದ್ದುದರಿಂದ ಹಗ್ಗ ಒಯ್ಯುತ್ತ ಮೊದಲು ಏರುವ ಮುಂದಾಳು ಬೀಳಲೇಬಾರದು ಎಂಬುದು ಅಂದಿನ ನಿಯಮವಾಗಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬಂದ ನೈಲಾನ್ ಹಗ್ಗ ಮತ್ತು 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಸಂಸ್ಥೆ ರೂಪಿಸಿದ, ಒಳಗೆ ತಿರುಳೆಳೆಗಳೂ ಹೊರಗೆ ಹೆಣೆದ ಹೊದಿಕೆಯೂ ಇರುವ ಹಗ್ಗ ಈ ಸ್ಥಿತಿಯನ್ನು ಬದಲಿಸಿದವು. ಭಾರತದಲ್ಲಿ 1953ರ ಎವರೆಸ್ಟ್ ಆರೋಹಣದ ಬೆನ್ನಿಗೇ, 1954ರಲ್ಲಿ, ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯೂ 1965ರಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯೂ ಸ್ಥಾಪನೆಯಾಗಿ, ಶಿಲಾರೋಹಣವು ಅವುಗಳ ಮೂಲ ತರಬೇತಿಯ ಅಂಗವಾಯಿತು. ಕರ್ನಾಟಕದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಕೆಲಸ ಮಾಡುವ, ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರ ಹೆಸರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇಂತಹ ತರಬೇತಿ ನೀಡುತ್ತಿದೆ.

ಶಿಲೆ ಮತ್ತು ಅದರ ಸ್ವರೂಪ

ಕಲಿಯುವವರಿಗೆ ಶಿಲೆಯ ಗುಣದ ತಿಳಿವಳಿಕೆ ಅಗತ್ಯ. ದಕ್ಷಿಣ ಕರ್ನಾಟಕದ ನೆಲದಡಿಯಲ್ಲಿ ಬಹುಪಾಲು ಪ್ರಾಚೀನ ನೈಸ್ ಶಿಲೆಯಿದ್ದು, ಅದನ್ನು ಭೇದಿಸಿ ಮೇಲೆದ್ದ ಗ್ರಾನೈಟ್ ಅಲ್ಲಲ್ಲಿ ಬೋಳುಬೆಟ್ಟಗಳಾಗಿ ನಿಂತಿದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿ ಸುಮಾರು 250 ಕೋಟಿ ವರ್ಷ ಹಳೆಯದು. ಅದು ದಕ್ಷಿಣದಿಂದ ಉತ್ತರಕ್ಕೆ ಹಂಪಿಯ ಕಡೆಗೆ ಹಬ್ಬಿದೆ. ಮೈಸೂರಿನ ಚಾಮುಂಡಿ ಬೆಟ್ಟದ ಗ್ರಾನೈಟ್ ಇದಕ್ಕಿಂತ ಬಹಳ ಕಿರಿಯದಾಗಿದ್ದು, ಅದರ ವಯಸ್ಸು ಸುಮಾರು 80 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಗಣಿಸಿದ್ದಾರೆ.

ಗ್ರಾನೈಟ್ ಬಂಡೆ ಬಿಸಿಲು ಮಳೆಗಳಿಗೆ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಸುಲಿಯುತ್ತದೆ. ಇದರಿಂದ ಇಳಿಜಾರಾದ ನುಣುಪು ಹಾಸುಬಂಡೆಗಳು, ಒಂದರ ಮೇಲೊಂದು ಕೂತ ಗುಂಡುಗಳು ಮತ್ತು ಬೆರಳು ಅಥವಾ ಮುಷ್ಟಿ ತೂರಿಸಬಹುದಾದ ಬಿರುಕುಗಳು ಉಂಟಾಗುತ್ತವೆ. ಪದರವೊಂದು ತಾಯಿಬಂಡೆಯಿಂದ ಬಿಟ್ಟುಕೊಂಡಿದ್ದರೆ ಬೆರಳಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ. ಅಂತಹ ಚಕ್ಕೆಯನ್ನು ಹಿಡಿದು ಜಗ್ಗುವುದು ಅಪಾಯಕರ. ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಮರಳುಗಲ್ಲಿನಲ್ಲಿ ಅಡ್ಡ ಪದರಗಳೂ ಕೈಗೆ ಸಿಗುವ ಗುಳಿಗಳೂ ಹೇರಳವಾಗಿದ್ದು, ನೇರವಾದ ಗೋಡೆಗಳೂ ಏರಲು ಒದಗುತ್ತವೆ. ಆದರೆ ಮರಳುಗಲ್ಲು ನೀರು ಹೀರಿದಾಗ ತನ್ನ ಗಟ್ಟಿತನವನ್ನು ಗಣನೀಯವಾಗಿ ಕಳೆದುಕೊಳ್ಳುವುದರಿಂದ, ಮಳೆ ನಿಂತ ಮೇಲೂ ಬಂಡೆ ಪೂರ್ತಿ ಒಣಗುವವರೆಗೆ ಅದನ್ನು ಏರಬಾರದು.

ಪ್ರಕಾರಗಳು

ಹಗ್ಗದ ಬಳಕೆಯ ಕ್ರಮವನ್ನು ಅನುಸರಿಸಿ ಶಿಲಾರೋಹಣವನ್ನು ಹಲವು ಬಗೆಗಳಾಗಿ ವಿಂಗಡಿಸಲಾಗುತ್ತದೆ. ನಾಲ್ಕೈದು ಮೀಟರ್ ಎತ್ತರದ ಗುಂಡುಗಳನ್ನು ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸಿಗೆ ಹಾಸಿಕೊಂಡು ಏರುವುದು ಬೋಲ್ಡರಿಂಗ್. ಹಗ್ಗವನ್ನು ಮೊದಲೇ ಮೇಲಿನ ಆಧಾರದ ಮೂಲಕ ಹಾಯಿಸಿ, ಒಂದು ತುದಿಯನ್ನು ಆರೋಹಿಗೆ ಕಟ್ಟಿ ಇನ್ನೊಂದನ್ನು ಕೆಳಗಿನ ಜೊತೆಗಾರ ಬಿಗಿಹಿಡಿಯುವುದು ಮೇಲುಹಗ್ಗದ ಆರೋಹಣ ಅಥವಾ ಟಾಪ್ ರೋಪ್. ಹಗ್ಗವನ್ನು ಕೆಳಗಿನಿಂದ ಒಯ್ಯುತ್ತ, ದಾರಿಯುದ್ದಕ್ಕೂ ಕೊಂಡಿಗಳಿಗೆ ಸಿಕ್ಕಿಸುತ್ತ ಏರುವುದು ಮುಂದಾಳು ಆರೋಹಣ ಅಥವಾ ಲೀಡ್. ಈ ಬಗೆಯಲ್ಲಿ ಬಂಡೆಗೆ ಕಾಯಂ ಆಗಿ ಕೊರೆದು ಕೂರಿಸಿದ ಬೋಲ್ಟ್‌ಗಳನ್ನು ಬಳಸಿದರೆ ಸ್ಪೋರ್ಟ್ ಕ್ಲೈಂಬಿಂಗ್ ಎಂದೂ, ಆರೋಹಿಯೇ ಬಿರುಕುಗಳಲ್ಲಿ ಬೆಣೆಗಳನ್ನಿಟ್ಟು ಅನಂತರ ತೆಗೆಯುತ್ತ ಹೋದರೆ ಸಾಂಪ್ರದಾಯಿಕ ಆರೋಹಣವೆಂದೂ ಹೆಸರು.

ಆರಂಭಿಕರಿಗೆ ಮೇಲುಹಗ್ಗದ ಆರೋಹಣವೇ ಪ್ರಶಸ್ತ. ಇದಕ್ಕೆ ಕಾರಣ ಬೀಳುವಿಕೆಯ ಗಣಿತದಲ್ಲಿದೆ. ಬಿದ್ದ ದೂರವನ್ನು ಆ ಕ್ಷಣದಲ್ಲಿ ಬಳಕೆಯಲ್ಲಿದ್ದ ಹಗ್ಗದ ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಪತನಾಂಕ ಎನ್ನಬಹುದು. ಅದು ಹೆಚ್ಚಿದಷ್ಟೂ ದೇಹಕ್ಕೂ ಆಧಾರಕ್ಕೂ ತಗಲುವ ಜಗ್ಗು ಹೆಚ್ಚು. ಹಗ್ಗವನ್ನು ಸಡಿಲ ಬಿಡದೆ ಹಿಡಿದಿರುವ ಮೇಲುಹಗ್ಗದಲ್ಲಿ ಅದು ಸೊನ್ನೆಗೆ ಸಮೀಪವಿದ್ದರೆ, ಮುಂದಾಳು ತನ್ನ ಜೊತೆಗಾರನಿಗಿಂತ ಮೇಲೇರಿ, ನಡುವೆ ಯಾವ ಕೊಂಡಿಯೂ ಇಲ್ಲದೆ ಅವನನ್ನು ದಾಟಿ ಬಿದ್ದಾಗ ಗರಿಷ್ಠ 2ನ್ನು ಮುಟ್ಟುತ್ತದೆ.

ಹಗ್ಗವಿಲ್ಲದೆ ಎತ್ತರಕ್ಕೇರುವ ಸೋಲೋ ಆರೋಹಣವೂ ಒಂದು ಪ್ರಕಾರ. ಅಲೆಕ್ಸ್ ಹೊನೊಲ್ಡ್ 2017ರ ಜೂನ್ 3ರಂದು ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯನ್ನು ಹೀಗೆ ಏರಿದರು. ಚಿತ್ರದುರ್ಗದ ಕೋಟೆಗೋಡೆಗಳನ್ನು ಬರಿಗೈಯಲ್ಲಿ ಏರಿ ಹೆಸರಾದ ಜ್ಯೋತಿರಾಜ್ ಕನ್ನಡನಾಡಿನಲ್ಲಿ ಪರಿಚಿತರು. ಇಂತಹ ಆರೋಹಣದಲ್ಲಿ ತಪ್ಪನ್ನು ತಡೆಯುವ ಯಾವ ವ್ಯವಸ್ಥೆಯೂ ಇಲ್ಲದಿರುವುದರಿಂದ ಇದು ಕಲಿಕೆಯ ಕ್ರಮದಲ್ಲಿ ಸೇರುವುದಿಲ್ಲ.

ಮಾರ್ಗಗಳ ಕಾಠಿಣ್ಯವನ್ನು ಸೂಚಿಸಲು ಭಾರತದಲ್ಲಿ ಫ್ರೆಂಚ್ ಶ್ರೇಣಿ ಹೆಚ್ಚು ರೂಢಿಯಲ್ಲಿದೆ. ಅದರಲ್ಲಿ 4 ಮತ್ತು 5 ಅಂಕಿಯ ಮಾರ್ಗಗಳು ಕಲಿಯುವವರಿಗೆ ತಕ್ಕವು. 6ರಿಂದ ಮುಂದೆ ಎ, ಬಿ, ಸಿ ಎಂಬ ಉಪವಿಭಾಗಗಳು ಹೆಚ್ಚಿನ ಅಭ್ಯಾಸವನ್ನು ಬೇಡುತ್ತವೆ.

ಸಲಕರಣೆಗಳು

ಹಾರ್ನೆಸ್ ಎಂಬುದು ಸೊಂಟ ಮತ್ತು ತೊಡೆಗಳನ್ನು ಸುತ್ತುವ ಪಟ್ಟಿಗಳ ಜೋಡಣೆ. ಅದರ ಸೊಂಟಪಟ್ಟಿ ಸೊಂಟದ ಮೂಳೆಗಿಂತ ಮೇಲೆ, ತಲೆಕೆಳಗಾದರೂ ಜಾರದಷ್ಟು ಬಿಗಿಯಾಗಿರಬೇಕು. ಹೆಲ್ಮೆಟ್ ಮೇಲಿನಿಂದ ಉದುರುವ ಕಲ್ಲಿನಿಂದಲೂ ಬಂಡೆಗೆ ತಲೆ ಬಡಿಯುವುದರಿಂದಲೂ ರಕ್ಷಿಸುವುದರಿಂದ ಆರೋಹಿಯೂ ಕೆಳಗೆ ನಿಂತವರೂ ಅದನ್ನು ಧರಿಸಬೇಕು. ದ್ವಿಚಕ್ರ ವಾಹನದ ಹೆಲ್ಮೆಟ್ ಇದಕ್ಕೆ ಬದಲಿಯಾಗದು. ಅಂಟುಗುಣದ ರಬ್ಬರ್ ತಳದ, ಕಾಲಿಗೆ ಬಿಗಿಯಾಗಿ ಕೂರುವ ವಿಶೇಷ ಪಾದರಕ್ಷೆ ಘರ್ಷಣೆಯನ್ನು ಹೆಚ್ಚಿಸುತ್ತದೆ. ಸೀಮೆಸುಣ್ಣದಂತೆ ಕಾಣುವ ಮೆಗ್ನೀಸಿಯಂ ಕಾರ್ಬನೇಟ್ ಪುಡಿ ಅಂಗೈಯ ಬೆವರನ್ನು ಹೀರುತ್ತದೆ.

ಹಗ್ಗಗಳಲ್ಲಿ ಎಳೆತಕ್ಕೆ ಹಿಗ್ಗುವ ಡೈನಮಿಕ್ ಮತ್ತು ಬಹುತೇಕ ಹಿಗ್ಗದ ಸ್ಟ್ಯಾಟಿಕ್ ಎಂಬ ಎರಡು ಜಾತಿಗಳಿವೆ. ಆರೋಹಿಗೆ ಕಟ್ಟುವುದು ಡೈನಮಿಕ್ ಹಗ್ಗವನ್ನೇ. ಒಂಟಿಯಾಗಿ ಬಳಸುವ ಇಂತಹ ಹಗ್ಗ ಸಾಮಾನ್ಯವಾಗಿ 9ರಿಂದ 11 ಮಿಲಿಮೀಟರ್ ದಪ್ಪವಿದ್ದು, 80 ಕಿಲೋಗ್ರಾಂ ತೂಕವನ್ನು ಬೀಳಿಸುವ ಪ್ರಮಾಣಿತ ಪರೀಕ್ಷೆಯಲ್ಲಿ ಕನಿಷ್ಠ 5 ಬಾರಿ ತುಂಡಾಗದೆ ತಾಳಬೇಕು. ಮೊದಲ ಬೀಳುವಿಕೆಯ ಜಗ್ಗು 12 ಕಿಲೋನ್ಯೂಟನ್ ಮೀರಕೂಡದು. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋಗ್ರಾಂ ತೂಕದ ಸೆಳೆತ. ಬಾಗಿಲುಳ್ಳ ಲೋಹದ ಕೊಂಡಿಯಾದ ಕ್ಯಾರಬೀನರ್ ಉದ್ದದ ದಿಕ್ಕಿನಲ್ಲಿ ಕನಿಷ್ಠ 20 ಕಿಲೋನ್ಯೂಟನ್ ತಾಳುವುದಾದರೂ ಅಡ್ಡಲಾಗಿ ಎಳೆದಾಗ ಅದರ ಖಾತರಿ 7ಕ್ಕೆ ಇಳಿಯುವುದರಿಂದ ಅದು ನೇರವಾಗಿ ಕೂತಿದೆಯೇ, ಅದರ ತಿರುಪು ಮುಚ್ಚಿದೆಯೇ ಎಂದು ನೋಡುವುದು ಕಡ್ಡಾಯ. ಸಲಕರಣೆಗಳ ಮೇಲೆ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟವಾದ ಯುಐಎಎ ಅಥವಾ ಯುರೋಪಿನ ಸಿಇ ಗುರುತು ಇರಬೇಕು. ಬಾವಿಯ ಹಗ್ಗ, ಲಾರಿಗೆ ಹೊರೆ ಕಟ್ಟುವ ನೈಲಾನ್ ಹಗ್ಗ, ಕೀಲಿಗೊಂಚಲಿಗೆ ತೂಗುಹಾಕುವ ಆಟಿಕೆ ಕ್ಯಾರಬೀನರ್‌ಗಳನ್ನು ಎಂದಿಗೂ ಬಳಸಕೂಡದು. ಹಗ್ಗ, ಹಾರ್ನೆಸ್ ಮುಂತಾದ ನೂಲಿನ ವಸ್ತುಗಳನ್ನು ಬಳಸದೆ ಇಟ್ಟಿದ್ದರೂ ಸಾಮಾನ್ಯವಾಗಿ 10 ವರ್ಷಗಳ ಬಳಿಕ ಕೈಬಿಡಲು ತಯಾರಕರು ಸೂಚಿಸುತ್ತಾರೆ.

ಗಂಟು ಮತ್ತು ಜೋಡಿ ಪರೀಕ್ಷೆ

ಆರೋಹಿಯನ್ನು ಹಗ್ಗಕ್ಕೆ ಸೇರಿಸುವ ಪ್ರಮಾಣಿತ ಗಂಟು ಎಂಟರ ಅಂಕಿಯ ಆಕಾರದ್ದು. ಶಿಬಿರಗಳಲ್ಲಿ ಅದನ್ನು ಫಿಗರ್ ಏಯ್ಟ್ ಎಂದೇ ಕರೆಯುತ್ತಾರೆ. ಹಗ್ಗದ ತುದಿಯಿಂದ ಸುಮಾರು ಒಂದು ಮೀಟರ್ ಬಿಟ್ಟು ಮೊದಲು ಒಂಟಿ ಎಂಟನ್ನು ಹಾಕಿ, ಉಳಿದ ತುದಿಯನ್ನು ಹಾರ್ನೆಸ್‌ನ ತೊಡೆಪಟ್ಟಿಗಳನ್ನು ಸೇರಿಸುವ ಕುಣಿಕೆ ಮತ್ತು ಸೊಂಟಪಟ್ಟಿಯ ಕುಣಿಕೆ ಎರಡರ ಮೂಲಕವೂ ತೂರಿಸಿ, ಬಂದ ದಾರಿಯಲ್ಲೇ ಎಂಟನ್ನು ಹಿಂಬಾಲಿಸಿ ಹೊರತರಬೇಕು. ಸರಿಯಾಗಿ ಕಟ್ಟಿದ ಗಂಟಿನಲ್ಲಿ ಹಗ್ಗದ ಎಳೆಗಳು ಎಲ್ಲಿಯೂ ಒಂದನ್ನೊಂದು ಹಾಯದೆ ಜೋಡಿಜೋಡಿಯಾಗಿ ಸಮಾಂತರವಾಗಿ ಕಾಣುತ್ತವೆ. ಒಂದೊಂದೇ ಎಳೆಯನ್ನು ಜಗ್ಗಿ ಬಿಗಿಗೊಳಿಸಿದ ಮೇಲೆ ಹೊರಗೆ ಗೇಣುದ್ದದ ತುದಿ ಉಳಿಯಬೇಕು. ತುದಿ ಚಿಕ್ಕದಾಗಿದ್ದರೆ ಗಂಟು ಭಾರಕ್ಕೆ ಜಾರಬಹುದು. ಕಟ್ಟುತ್ತಿರುವಾಗ ಯಾರಾದರೂ ಮಾತನಾಡಿಸಿದರೆ ಗಂಟು ಅರ್ಧಕ್ಕೇ ಉಳಿಯುವ ಸಂಭವವಿರುವುದರಿಂದ, ಪೂರ್ತಿಯಾಗುವವರೆಗೆ ಬೇರೆ ಕೆಲಸಕ್ಕೆ ಕೈಹಾಕಬಾರದೆಂಬುದು ಬೋಧಕರು ಮೊದಲ ದಿನವೇ ವಿಧಿಸುವ ನಿಯಮ.

ನೆಲ ಬಿಡುವ ಮುನ್ನ ಆರೋಹಿ ಮತ್ತು ಜೊತೆಗಾರ ಪರಸ್ಪರರ ಹಾರ್ನೆಸ್‌ನ ಬಕಲ್, ಗಂಟು, ಹಗ್ಗವನ್ನು ತಡೆಹಿಡಿಯುವ ಬಿಲೇ ಸಾಧನದಲ್ಲಿ ಅದು ಹಾಯ್ದಿರುವ ದಿಕ್ಕು, ಕ್ಯಾರಬೀನರ್‌ನ ತಿರುಪು ಹಾಗೂ ಹಗ್ಗದ ಇನ್ನೊಂದು ತುದಿಯ ತಡೆಗಂಟು ಇವುಗಳನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ಅನುಭವ ಹೆಚ್ಚಿದಂತೆ ಈ ಪರೀಕ್ಷೆಯನ್ನು ಕೈಬಿಡುವ ಪ್ರವೃತ್ತಿ ಇರುವುದರಿಂದ ನುರಿತವರಿಗೂ ಇದು ಕಡ್ಡಾಯ.

ಬಿಲೇ

ಆರೋಹಿಯ ಹಗ್ಗವನ್ನು ನಿಯಂತ್ರಿಸಿ ಬೀಳುವಿಕೆಯನ್ನು ತಡೆಯುವ ಕ್ರಿಯೆಗೆ ಬಿಲೇ ಎಂದೂ ಅದನ್ನು ಮಾಡುವವರಿಗೆ ಬಿಲೇಯರ್ ಎಂದೂ ಹೆಸರು. ಹಗ್ಗವು ಬಿಲೇಯರ್‌ನ ಹಾರ್ನೆಸ್‌ಗೆ ಸಿಕ್ಕಿಸಿದ ಲೋಹಸಾಧನದಲ್ಲಿ ತಿರುವು ಪಡೆದು ಹಾಯುವುದರಿಂದ, ಕೆಳಭಾಗದ ಹಗ್ಗವನ್ನು ಬಗ್ಗಿಸಿ ಹಿಡಿದಾಗ ಉಂಟಾಗುವ ಘರ್ಷಣೆ ಬಿಲೇಯರ್‌ಗಿಂತ ಹೆಚ್ಚು ತೂಕದ ವ್ಯಕ್ತಿಯನ್ನೂ ತಡೆದು ನಿಲ್ಲಿಸಬಲ್ಲದು. ಹೀಗೆ ಕೆಳಭಾಗವನ್ನು ಹಿಡಿದಿರುವ ಕೈಗೆ ತಡೆಗೈ ಎನ್ನಲಾಗುತ್ತದೆ. ಆರೋಹಿ ಏರಿದಂತೆ ಸಡಿಲವಾದ ಹಗ್ಗವನ್ನು ಎಳೆದುಕೊಳ್ಳುವುದು, ಕೆಳಕ್ಕೆ ಬಗ್ಗಿಸಿ ಬಿಗಿಹಿಡಿಯುವುದು, ಇನ್ನೊಂದು ಕೈಯಿಂದ ತಡೆಗೈಯ ಕೆಳಗೆ ಹಿಡಿಯುವುದು, ಅನಂತರ ತಡೆಗೈಯನ್ನು ಬಿಡದೆ ಮೇಲಕ್ಕೆ ಜಾರಿಸುವುದು ಎಂಬ ನಾಲ್ಕು ಹೆಜ್ಜೆಗಳು ಇದರ ಆವರ್ತ. ತಡೆಗೈ ಯಾವ ಗಳಿಗೆಯಲ್ಲೂ ಹಗ್ಗವನ್ನು ಬಿಡಬಾರದು ಎಂಬುದು ಬಿಲೇಯ ಮೂಲಸೂತ್ರ.

ಆಧಾರ

ಹಗ್ಗದ ಭಾರವನ್ನು ಬಂಡೆಗೆ ವರ್ಗಾಯಿಸುವ ಜೋಡಣೆಯೇ ಆಧಾರ ಅಥವಾ ಆ್ಯಂಕರ್. ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಬಿಂದುಗಳಿಂದ ಅದನ್ನು ಕಟ್ಟಲಾಗುತ್ತದೆ; ಒಂದು ಕಿತ್ತುಬಂದರೂ ಇನ್ನೊಂದು ಭಾರ ಹೊರಬೇಕೆಂಬುದು ಇದರ ತತ್ತ್ವ. ಎರಡು ಬಿಂದುಗಳಿಂದ ಇಳಿದ ಪಟ್ಟಿಗಳ ನಡುವಿನ ಕೋನ 60 ಡಿಗ್ರಿ ಇದ್ದಾಗ ಪ್ರತಿಯೊಂದರ ಮೇಲೆ ಒಟ್ಟು ಭಾರದ ಶೇ. 58ರಷ್ಟು, 90 ಡಿಗ್ರಿಯಲ್ಲಿ ಶೇ. 71ರಷ್ಟು, 120 ಡಿಗ್ರಿಯಲ್ಲಿ ಪೂರ್ತಿ ಭಾರವೇ ಬೀಳುವುದರಿಂದ, ಕೋನವನ್ನು 60ರ ಒಳಗೆ ಇರಿಸುವುದು ವಾಡಿಕೆ. ಬಂಡೆಯ ಚೂಪು ಅಂಚಿಗೆ ಹಗ್ಗ ಉಜ್ಜುವಲ್ಲಿ ದಪ್ಪ ಬಟ್ಟೆ ಅಥವಾ ರಕ್ಷಾಕವಚವನ್ನು ಹಾಸಬೇಕು. ಆಧಾರ ಕಟ್ಟುವುದು ಆರಂಭಿಕರ ಕೆಲಸವಲ್ಲ. ಅದನ್ನು ಅರ್ಹ ಬೋಧಕರೇ ಮಾಡುತ್ತಾರೆ.

ಕಲಿಕೆಯ ಕ್ರಮ

ಸಾಮಾನ್ಯ ತರಬೇತಿ ನೆಲದ ಮೇಲೆ ಗಂಟುಗಳಿಂದ ಮೊದಲಾಗಿ, ತಗ್ಗು ಗುಂಡುಗಳ ಮೇಲಿನ ಅಭ್ಯಾಸ, ಹಾಸುಬಂಡೆಯ ಮೇಲುಹಗ್ಗದ ಆರೋಹಣ ಮತ್ತು ನಿಯಂತ್ರಿತ ಇಳಿಕೆಗಳ ಮೂಲಕ ಮುಂದುವರಿಯುತ್ತದೆ. ಎರಡು ಕೈ, ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಬಂಡೆಗೆ ತಾಗಿರಲು ಒಂದನ್ನು ಮಾತ್ರ ಕದಲಿಸುವ ಮೂರು ಬಿಂದುಗಳ ನಿಯಮ ಮೊದಲ ಪಾಠ. ಹೊಸಬರು ತೋಳಬಲದಿಂದ ಮೈಯನ್ನು ಮೇಲಕ್ಕೆಳೆಯಲು ಯತ್ನಿಸಿ ಬೇಗ ದಣಿಯುವುದರಿಂದ, ಭಾರವನ್ನು ಕಾಲುಗಳ ಮೇಲೆ ಹಾಕಿ ಏಣಿ ಹತ್ತುವಂತೆ ಏರುವುದನ್ನು ಅವರು ಅಭ್ಯಾಸ ಮಾಡಬೇಕಾಗುತ್ತದೆ. ಹಿಡಿಯಲು ಏನೂ ಸಿಗದ ಹಾಸುಬಂಡೆಯಲ್ಲಿ ಹಿಮ್ಮಡಿಯನ್ನು ತಗ್ಗಿಸಿ ಪಾದತಳದ ಮುಂಭಾಗವನ್ನು ಪೂರ್ತಿ ಒತ್ತಬೇಕು. ಭಯದಿಂದ ಮೈಯನ್ನು ಬಂಡೆಗೆ ಅವುಚಿಕೊಂಡರೆ ಪಾದದ ಮೇಲಿನ ಒತ್ತು ಕಡಿಮೆಯಾಗಿ ಜಾರುವ ಸಂಭವ ಹೆಚ್ಚುತ್ತದೆ.

ಹಗ್ಗದ ಮೇಲೆ ತಾನೇ ಘರ್ಷಣೆಯನ್ನು ನಿಯಂತ್ರಿಸುತ್ತ ಇಳಿಯುವುದು ರ್‍ಯಾಪೆಲಿಂಗ್. ಹಗ್ಗದ ತುದಿ ನೆಲ ಮುಟ್ಟಿರುವುದನ್ನು ಖಚಿತಪಡಿಸಿಕೊಳ್ಳದೆ, ತುದಿಗೆ ತಡೆಗಂಟು ಹಾಕದೆ ಇಳಿಯುವಾಗ ತುದಿ ಕೈತಪ್ಪಿ ಬೀಳುವುದು ಈ ಕ್ರಿಯೆಯ ಪರಿಚಿತ ಅವಘಡ. ತಡೆಗಂಟಿನ ಜೊತೆಗೆ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಚುರಪಡಿಸಿದ, ಭಾರ ಬಿದ್ದಾಗ ಹಗ್ಗವನ್ನು ಬಿಗಿಯಾಗಿ ಕಚ್ಚುವ ತೆಳುದಾರದ ಗಂಟು ಅಥವಾ ಅದರ ರೂಪಾಂತರವನ್ನು ಹೆಚ್ಚುವರಿ ರಕ್ಷಣೆಗಾಗಿ ಬಳಸಲಾಗುತ್ತದೆ.

ನೈಸರ್ಗಿಕ ಅಪಾಯಗಳು

ಕರ್ನಾಟಕದ ಬಂಡೆಗಳಲ್ಲಿ ಬೀಳುವಿಕೆಯಷ್ಟೇ ಗಂಭೀರವಾದ ಅಪಾಯ ಹೆಜ್ಜೇನಿನದು. ಇವು ಮಳೆ ತಾಗದ ಚಾಚುಬಂಡೆಗಳ ಕೆಳಗೆ ಬಯಲಿಗೆ ತೆರೆದುಕೊಂಡಂತೆ ದೊಡ್ಡ ಹುಟ್ಟುಗಳನ್ನು ಕಟ್ಟುತ್ತವೆ ಮತ್ತು ಋತುವಿಗನುಗುಣವಾಗಿ ವಲಸೆ ಹೋಗುವುದರಿಂದ ಹಿಂದಿನ ಬಾರಿ ಖಾಲಿಯಿದ್ದ ಬಂಡೆಯಲ್ಲಿ ಈ ಬಾರಿ ಇರಬಹುದು. ಏರುವ ಮುನ್ನ ಇಡೀ ಮುಖವನ್ನು ದೂರದಿಂದ ಪರಿಶೀಲಿಸುವುದು, ಸುಗಂಧದ್ರವ್ಯ ಬಳಸದಿರುವುದು, ಹೊಗೆ ಮತ್ತು ಗದ್ದಲಗಳಿಂದ ದೂರವಿರುವುದು ಮುನ್ನೆಚ್ಚರಿಕೆಗಳು. ಜೇನು ಎದ್ದರೆ ಕೈಬೀಸದೆ, ಆರೋಹಿಯನ್ನು ಕೂಡಲೇ ಕೆಳಗಿಳಿಸಿ ಸ್ಥಳ ಬಿಡಬೇಕು; ಹಲವು ಕಡಿತಗಳಾದವರನ್ನು ಆಸ್ಪತ್ರೆಗೆ ಸಾಗಿಸಬೇಕು.

ಬೇಸಿಗೆಯಲ್ಲಿ ಗ್ರಾನೈಟ್ ಕಾದು ಕೈಯಿಡಲಾಗದಂತಾಗುತ್ತದೆ. ಮಳೆಗಾಲದಲ್ಲಿ ಹಾಸುಬಂಡೆಯ ಮೇಲೆ ಪಾಚಿ ಕಟ್ಟುತ್ತದೆ. ಆದ್ದರಿಂದ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಒಣ ಚಳಿಗಾಲ ಸೂಕ್ತ ಕಾಲ. ಮುಂಗಾರಿಗೆ ಮುನ್ನ ಮಧ್ಯಾಹ್ನದ ಮೇಲೆ ಬರುವ ಗುಡುಗುಮಳೆಯ ವೇಳೆ ಬೋಳು ನೆತ್ತಿಗಳಿಗೆ ಸಿಡಿಲಿನ ಭಯವಿರುವುದರಿಂದ ಬೆಳಗಿನ ಹೊತ್ತು ಏರಿ ಮುಗಿಸುವುದು ಕ್ಷೇಮ. ಸಡಿಲ ಕಲ್ಲು ಉರುಳಿದಾಗ ‘ಕಲ್ಲು’ ಎಂದೋ ‘ರಾಕ್’ ಎಂದೋ ಕೂಗಿ ಎಚ್ಚರಿಸಬೇಕು. ಕೂಗು ಕೇಳಿದವರು ತಲೆ ಎತ್ತಿ ನೋಡದೆ ಬಂಡೆಗೆ ಒತ್ತಿ ನಿಲ್ಲಬೇಕು. ಬಿರುಕುಗಳಲ್ಲಿ ಹಾವು, ಚೇಳುಗಳಿರುವ ಸಾಧ್ಯತೆಯಿಂದಾಗಿ ನೋಡದೆ ಕೈ ತೂರಿಸಬಾರದು. ಪ್ರಜ್ಞೆ ತಪ್ಪಿದವರು ಹಾರ್ನೆಸ್‌ನಲ್ಲಿ ನಿಶ್ಚಲವಾಗಿ ನೇತಾಡುತ್ತಿದ್ದರೆ ರಕ್ತಪರಿಚಲನೆ ಕುಂದುವ ಅಪಾಯವಿರುವುದರಿಂದ ತಡಮಾಡದೆ ಇಳಿಸಿ, 108ರ ಆಂಬುಲೆನ್ಸ್ ಕರೆಸಬೇಕು.

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಬಹುಮಟ್ಟಿಗೆ ಅಲೆಯಲೆಯಾದ ಕೃಷಿಭೂಮಿ ಮತ್ತು ಕಾಡುಗಳಿಂದ ಕೂಡಿದ್ದು, ಬಂಡೆಬೆಟ್ಟಗಳು ವಿರಳ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ, 4,300 ಅಡಿಗೂ ಮಿಕ್ಕಿ ಎತ್ತರವಿರುವ ಶಂಕುವಿನಾಕಾರದ ಬೆಟ್ಟ ಇವುಗಳಲ್ಲಿ ಪ್ರಮುಖ. ಅದರ ನೆತ್ತಿಯ ಸಿಡಿಲು ಮಲ್ಲಿಕಾರ್ಜುನ ದೇಗುಲದ ಹೆಸರೇ ಒಂಟಿಬೆಟ್ಟಕ್ಕೂ ಸಿಡಿಲಿಗೂ ಇರುವ ನಂಟನ್ನು ನೆನಪಿಸುತ್ತದೆ. ಅಲ್ಲಿಗೆ ಮೆಟ್ಟಿಲುಗಳ ದಾರಿಯಿದ್ದು, ಏರುವಿಕೆ ಚಾರಣದ ಸ್ವರೂಪದ್ದು. ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯ ಗೊಮ್ಮಟಗಿರಿ, ಗೊಮ್ಮಟಮೂರ್ತಿಯನ್ನು ಹೊತ್ತ ಒಂಟಿ ಬಂಡೆಗುಡ್ಡ. ಪ್ರತಿವರ್ಷ ಮಸ್ತಕಾಭಿಷೇಕ ನಡೆಯುವ ಜೈನ ಯಾತ್ರಾಸ್ಥಳವಾದ್ದರಿಂದ ಅದು ಹಗ್ಗ ಕಟ್ಟುವ ಜಾಗವಲ್ಲ. ಕಾವೇರಿ ಬಯಲಿನ ಕೃಷ್ಣರಾಜನಗರ ಕಡೆಯ ಚುಂಚನಕಟ್ಟೆಯಲ್ಲಿ ನದಿ ಕೊರೆದ ಬಂಡೆಗಳಿದ್ದರೂ ನೀರಿನ ಸೆಳೆತ ಮತ್ತು ಪಾಚಿಗಳಿಂದಾಗಿ ಅವು ಆರೋಹಣಕ್ಕೆ ಒಗ್ಗುವುದಿಲ್ಲ. ಹೆಗ್ಗಡದೇವನಕೋಟೆ ಮತ್ತು ಹುಣಸೂರುಗಳ ಅರಣ್ಯದ ಬಹುಭಾಗ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ.

ಈ ತಾಲ್ಲೂಕುಗಳ ಆಸಕ್ತರಿಗೆ ಹತ್ತಿರದ ಕಲಿಕೆಯ ತಾಣ ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿಯ ಕುಂತಿಬೆಟ್ಟ. ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಯಲಾಗುತ್ತಿದ್ದ ಈ ಊರಿನ ಅವಳಿ ಬಂಡೆಬೆಟ್ಟಗಳಲ್ಲಿ ಸಾಹಸ ಶಿಬಿರಗಳು ನಡೆಯುತ್ತವೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲುಮಾರ್ಗದಲ್ಲೇ ಇರುವ ರಾಮನಗರ ಇನ್ನೊಂದು ತಾಣ.

ಕರ್ನಾಟಕದ ಇತರ ಕೇಂದ್ರಗಳು

ಮಾಗಡಿಯ ಬಳಿಯ 1,226 ಮೀಟರ್ ಎತ್ತರದ ಸಾವನದುರ್ಗ ಕರಿಗುಡ್ಡ ಮತ್ತು ಬಿಳಿಗುಡ್ಡಗಳೆಂಬ ಎರಡು ಭಾಗಗಳುಳ್ಳ ಭಾರಿ ಏಕಶಿಲೆಯಾಗಿದ್ದು, ಹಲವು ಹಂತಗಳ ದೀರ್ಘ ಮಾರ್ಗಗಳಿಗೆ ಪ್ರಸಿದ್ಧವಾಗಿದೆ. ಹಂಪಿ ಮತ್ತು ಆನೆಗೊಂದಿಯ ಗುಂಡುಗಳು ಆರೋಹಿ ಕ್ರಿಸ್ ಶರ್ಮಾ ಮೊದಲಾದವರು ಕಾಣಿಸಿಕೊಂಡ ‘ಪಿಲ್ಗ್ರಿಮೇಜ್’ ಎಂಬ 2003ರ ಚಿತ್ರದ ಮೂಲಕ ಬೋಲ್ಡರಿಂಗ್ ಲೋಕಕ್ಕೆ ಪರಿಚಿತವಾದವು. ಬಾದಾಮಿಯಲ್ಲಿ ಬೋಲ್ಟ್ ಹಾಕಿದ ನೂರಕ್ಕೂ ಹೆಚ್ಚು ಮಾರ್ಗಗಳಿದ್ದು, ‘ಗಣೇಶ’ ಎಂಬ 8ಬಿ+ ಶ್ರೇಣಿಯ ಮಾರ್ಗ ದೇಶದ ಅತಿ ಕಠಿಣ ಮಾರ್ಗಗಳಲ್ಲಿ ಎಣಿಕೆಯಾಗಿದೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆಯಿದೆ.

ಕಾನೂನು ಮತ್ತು ಶಿಷ್ಟಾಚಾರ

ಅರಣ್ಯ ಇಲಾಖೆಯ ಭೂಮಿಯಲ್ಲಿ ಪೂರ್ವಾನುಮತಿ ಬೇಕು. ಸಂರಕ್ಷಿತ ಸ್ಮಾರಕಗಳ ಗೋಡೆಗಳನ್ನೂ, ಅವು ಕೊರೆಯಲ್ಪಟ್ಟ ಬಂಡೆಗಳನ್ನೂ ಏರುವಂತಿಲ್ಲ; ಶಾಸನ, ಶಿಲಾಚಿತ್ರ, ದೇವರ ಗುಡಿಗಳಿರುವ ಬಂಡೆಗಳನ್ನು ಬಿಟ್ಟುಬಿಡುವುದು ಸ್ವೀಕೃತ ನಡವಳಿಕೆ. ರಾಮನಗರದ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ವನ್ಯಧಾಮವಾಗಿ ಘೋಷಿತವಾದ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುವ ಅಲ್ಲಿನ ಬಂಡೆಮುಖಗಳು ಆರೋಹಿಗಳಿಗೆ ಮುಚ್ಚಿವೆ.

ಉಪಯೋಗಗಳು

ಈ ವಿದ್ಯೆ ಕ್ರೀಡೆಗಷ್ಟೇ ಸೀಮಿತವಲ್ಲ. ಪರ್ವತಾರೋಹಣ, ಸೈನಿಕ ತರಬೇತಿ, ಅಗ್ನಿಶಾಮಕ ಮತ್ತು ವಿಪತ್ತು ಪಡೆಗಳ ರಕ್ಷಣಾ ಕಾರ್ಯ, ಎತ್ತರದ ಕಟ್ಟಡಗಳ ನಿರ್ವಹಣೆ ಇವುಗಳಲ್ಲಿ ಇದೇ ಗಂಟು, ಇದೇ ಆಧಾರತತ್ತ್ವಗಳು ಬಳಕೆಯಾಗುತ್ತವೆ. ಎನ್‌ಸಿಸಿಯ ಸಾಹಸ ಶಿಬಿರಗಳಲ್ಲಿ ವಿದ್ಯಾರ್ಥಿಗಳಿಗೆ ಇದರ ಪರಿಚಯ ದೊರೆಯುತ್ತದೆ.

ಪ್ರಸ್ತುತ ಸ್ಥಿತಿ

ಸ್ಪರ್ಧಾತ್ಮಕ ಆರೋಹಣಕ್ಕೆ 2007ರಲ್ಲಿ ಪ್ರತ್ಯೇಕ ಅಂತರರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೋಲ್ಡರಿಂಗ್, ಲೀಡ್ ಮತ್ತು ವೇಗದ ಆರೋಹಣಗಳನ್ನು ಒಂದುಗೂಡಿಸಿ ಮೊದಲ ಬಾರಿಗೆ ಪದಕ ನೀಡಲಾಯಿತು. 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ವೇಗದ ವಿಭಾಗ ಪ್ರತ್ಯೇಕವಾಯಿತು. ಭಾರತದಲ್ಲಿ ಇದರ ಆಡಳಿತವನ್ನು ದೆಹಲಿಯ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ. ಕರ್ನಾಟಕದಲ್ಲಿ ಕೃತಕ ಗೋಡೆಗಳ ಸೌಲಭ್ಯ ಬೆಂಗಳೂರಿನಲ್ಲಿ ಹೆಚ್ಚು ಕೇಂದ್ರೀಕೃತವಾಗಿರುವುದರಿಂದ, ಮೈಸೂರು ಸೀಮೆಯ ಗ್ರಾಮೀಣ ತಾಲ್ಲೂಕುಗಳ ಕಲಿಕೆ ಮುಖ್ಯವಾಗಿ ಚಳಿಗಾಲದ ಶಿಬಿರಗಳನ್ನು ಅವಲಂಬಿಸಿದೆ.